ಗೆರೆ ಎಳೆಯುವ ಮುನ್ನ

ಕೂಸೇ, ರೆಗ್ಯುಲೇಟರಿ ಟಿ ಸೆಲ್‌ಗಳನ್ನು, ಅಂದರೆ ಟಿ-ರೆಗ್‌ಗಳನ್ನು, ಫ್ಲೋ ಸೈಟೊಮೀಟರ್‌ನಲ್ಲಿ ಗುರುತಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆ ಎಂದು ನಿಮ್ಮಮ್ಮ ಹೇಳಿದಳು. ಗುಂಡ್ಲುಪೇಟೆ ಕಡೆಯ ಹುಡುಗಿ ಮೈಸೂರಿನ ಲ್ಯಾಬಿನಲ್ಲಿ ಇಂಥ ಕೆಲಸಕ್ಕೆ ಕೂತಳಲ್ಲ ಎಂದು ನನಗೆ ಹಿಗ್ಗು. ಆ ಯಂತ್ರದ ಮುಂದೆ ಬಹಳ ಕಾಲ ಕೂತವನು ನಾನು, ಅದಕ್ಕೇ ಒಂದು ಮಾತು. ಪರದೆಯ ಮೇಲೆ ಕಾಣುವುದು ಬರೀ ಚುಕ್ಕಿಗಳು. ಇದು ಟಿ-ರೆಗ್, ಇದಲ್ಲ ಎಂದು ನಡುವೆ ಗೆರೆ ಎಳೆಯುವವಳು ನೀನು. ಅಲ್ಲೇ ಏಕೆ ಎಳೆದೆ ಎಂದು ಯಾರು ಕೇಳಿದರೂ ನಿನ್ನಲ್ಲಿ ಉತ್ತರ ಇರಬೇಕು.

ಗೆರೆಯ ಬೆಲೆ ನಮ್ಮ ಜಿಲ್ಲೆಯವರಿಗೆ ಗೊತ್ತು. 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಚ್‌ಐವಿಗೆ ಉಚಿತ ಎಆರ್‌ಟಿ ಚಿಕಿತ್ಸೆ ಶುರು ಮಾಡಿದ ಮೇಲೆ, ‘ಸಿಡಿ4 ಎಷ್ಟು ಬಂತು?’ ಎನ್ನುವ ಪ್ರಶ್ನೆ ಚಾಮರಾಜನಗರದ ಹಳ್ಳಿಮನೆಗಳಿಗೂ ಬಂತು. ಆ ಎಣಿಕೆ ಕೊಡುತ್ತಿದ್ದುದು ಹೆಚ್ಚಾಗಿ ಇದೇ ಫ್ಲೋ ಸೈಟೊಮೆಟ್ರಿ. ಮೊದಲು 200ರ ಕೆಳಗಿದ್ದವರಿಗೆ ಮಾತ್ರೆ, ಆಮೇಲೆ 350, ಮುಂದೆ 500. 2017ರಿಂದ ಎಣಿಕೆ ಎಷ್ಟೇ ಇರಲಿ, ಎಲ್ಲರಿಗೂ ಚಿಕಿತ್ಸೆ. ಅಷ್ಟು ವರ್ಷ ಒಂದು ಸಂಖ್ಯೆಯ ಆಚೆ ಈಚೆ ಮನುಷ್ಯರು ಕಾದಿದ್ದರು.

ಸಿಡಿ4 ಎಂಬ ಗುರುತು ಹೊತ್ತ ಆ ಟಿ ಸೆಲ್‌ಗಳ ಗುಂಪಿನೊಳಗೇ ನಿನ್ನ ಟಿ-ರೆಗ್‌ಗಳು ಇವೆ. ಆರೋಗ್ಯವಂತ ದೊಡ್ಡವರ ರಕ್ತದಲ್ಲಿ ನೂರು ಸಿಡಿ4 ಸೆಲ್‌ಗೆ ಸುಮಾರು 5ರಿಂದ 10. ಉಳಿದ ಟಿ ಸೆಲ್‌ಗಳು ನಮ್ಮ ಮೈಯ ಮೇಲೆಯೇ ತಿರುಗಿ ಬೀಳದಂತೆ ತಡೆಯುವುದು ಇವುಗಳ ಕೆಲಸ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇಲಿಗಳಲ್ಲಿ ಸಿಡಿ25 ಎಂಬ ಗುರುತಿನಿಂದ ಇವನ್ನು ಹಿಡಿದರು. 2001ರಲ್ಲಿ ಮೇರಿ ಬ್ರಂಕೊ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಟಿ-ರೆಗ್‌ಗಳಿಗೆ ಬೇಕೇ ಬೇಕಾದ ಫಾಕ್ಸ್‌ಪಿ3 ಜೀನ್ ಕಂಡುಹಿಡಿದರು. ಅದು ಕೆಟ್ಟು ಹುಟ್ಟಿದ ಗಂಡುಕೂಸುಗಳ ಕರುಳು, ಚರ್ಮ, ಮೇದೋಜೀರಕ ಗ್ರಂಥಿ ಎಲ್ಲದರ ಮೇಲೂ ತಮ್ಮದೇ ಸೆಲ್‌ಗಳ ದಾಳಿ. 2025ರ ನೊಬೆಲ್ ಈ ಮೂವರಿಗೆ ಸಂದಿತು.

ಪುಸ್ತಕ ಓದಿದಾಗ ಸುಲಭ ಅನ್ನಿಸುತ್ತದೆ. ಮನುಷ್ಯರ ರಕ್ತ ಹಾಗಲ್ಲ. ಇಲ್ಲಿ ಸಿಡಿ25 ಮಬ್ಬಾಗಿ ಶುರುವಾಗಿ ನಿಧಾನಕ್ಕೆ ಏರುತ್ತ ಹೋಗುತ್ತದೆ, ನಡುವೆ ಬಿರುಕೇ ಇರುವುದಿಲ್ಲ. ಸೋಂಕಿನಿಂದ ಕೆರಳಿದ ಮಾಮೂಲಿ ಟಿ ಸೆಲ್ ಕೂಡ ಸಿಡಿ25 ಏರಿಸಿಕೊಳ್ಳುತ್ತದೆ, ಸ್ವಲ್ಪ ಹೊತ್ತು ಫಾಕ್ಸ್‌ಪಿ3 ಕೂಡ ತೋರಿಸುತ್ತದೆ. 2006ರಲ್ಲಿ ಎರಡು ತಂಡಗಳು ತೋರಿಸಿದ ದಾರಿ ನನಗೆ ಇಂದಿಗೂ ಅಚ್ಚುಮೆಚ್ಚು: ಇರುವುದನ್ನಷ್ಟೇ ನೋಡಬೇಡ, ಇಲ್ಲದ್ದನ್ನೂ ನೋಡು. ಟಿ-ರೆಗ್‌ನಲ್ಲಿ ಸಿಡಿ127 ಎಂಬ ಇನ್ನೊಂದು ಗುರುತು ಕಡಿಮೆ. ಸಿಡಿ4 ಇದೆ, ಸಿಡಿ25 ಹೆಚ್ಚು, ಸಿಡಿ127 ಕಡಿಮೆ ಎಂದಾಗ ಆ ಸೆಲ್‌ಗಳನ್ನು ಜೀವಂತವಾಗಿಯೇ ಬೇರೆ ಮಾಡಬಹುದು. ಫಾಕ್ಸ್‌ಪಿ3 ನೋಡಬೇಕಾದರೆ ಸೆಲ್ಲಿನ ಪೊರೆಗೆ ತೂತು ಮಾಡಿ ಒಳಗೆ ಬಣ್ಣ ಕಟ್ಟಬೇಕು, ಸೆಲ್ ಉಳಿಯುವುದಿಲ್ಲ. ಜೊತೆಗೆ ಸಿಡಿ45ಆರ್‌ಎ ಎಂಬ ಗುರುತನ್ನೂ ಸೇರಿಸು. ಫಾಕ್ಸ್‌ಪಿ3 ಇದ್ದೂ ತಡೆಯುವ ಶಕ್ತಿ ಇಲ್ಲದ ಒಂದು ಗುಂಪಿದೆ ಎಂದು 2009ರಲ್ಲಿ ಗೊತ್ತಾದದ್ದು ಅದರಿಂದ. ಇಷ್ಟಾದರೂ ಬೇರೆ ಸೆಲ್‌ಗಳನ್ನು ತಡೆದು ತೋರಿಸಿದಾಗಲೇ ಅದು ಟಿ-ರೆಗ್ ಎಂದು ನಾನು ಒಪ್ಪುವುದು.

ಯಂತ್ರದ ಕೆಲಸ ಬಂಡೀಪುರದ ಚೆಕ್‌ಪೋಸ್ಟ್‌ನ ಕೆಲಸವೇ: ಒಂದೊಂದೇ ಸೆಲ್ ಲೇಸರ್ ಮುಂದೆ ಹಾದುಹೋಗಬೇಕು. ಎರಡು ಅಂಟಿಕೊಂಡು ಬಂದರೆ ಒಂದರ ಸಿಡಿ4, ಇನ್ನೊಂದರ ಸಿಡಿ25 ಸೇರಿ ಇಲ್ಲದ ಸೆಲ್ ಒಂದು ಹುಟ್ಟುತ್ತದೆ. ಅದಕ್ಕೇ ಜೋಡಿಗಳನ್ನು ಮೊದಲು ತೆಗೆ. ಸತ್ತ ಸೆಲ್‌ಗಳನ್ನೂ ತೆಗೆ, ಅವು ಸಿಕ್ಕ ಬಣ್ಣದ ಆ್ಯಂಟಿಬಾಡಿಯನ್ನೆಲ್ಲ ಮೆತ್ತಿಕೊಳ್ಳುತ್ತವೆ. ಒಂದು ಬಣ್ಣ ಬಿಟ್ಟು ಮಿಕ್ಕೆಲ್ಲ ಹಾಕಿದ ಎಫ್‌ಎಂಒ ಟ್ಯೂಬ್ ಇಲ್ಲದೆ ಸಿಡಿ25ರ ಗೆರೆಗೆ ಕೈ ಹಾಕಬೇಡ. ಆ್ಯಂಟಿಬಾಡಿ ದುಬಾರಿ, ಕಂಟ್ರೋಲ್ ಟ್ಯೂಬ್ ಒಂದು ಬಿಡೋಣ ಎನ್ನುವವರು ಸಿಗುತ್ತಾರೆ. ನೀನು ಬಿಡಬೇಡ. ಯಾವುದು ರೋಗಿಯ ಟ್ಯೂಬ್, ಯಾವುದು ಆರೋಗ್ಯವಂತರದ್ದು ಎಂದು ತಿಳಿಯುವ ಮೊದಲೇ ಗೇಟ್, ಅಂದರೆ ಈ ಗೆರೆ, ನಿಲ್ಲಿಸಿಬಿಡು. ತಿಳಿದ ಮೇಲೆ ಕೈ ತಾನಾಗಿ ಬೇಕಾದ ಕಡೆ ಸರಿಯುತ್ತದೆ, ಎಷ್ಟು ಒಳ್ಳೆಯವರದ್ದಾದರೂ.

ನಮ್ಮೂರ ಕಡೆಯಿಂದ ರಕ್ತ ತರುವುದಾದರೆ ಇನ್ನಷ್ಟು ಎಚ್ಚರ ಬೇಕು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಬೇಸಿಗೆಯ ಜೀಪಿನಲ್ಲಿ ಬಂದ ಟ್ಯೂಬನ್ನು ಲ್ಯಾಬಿನ ಪಕ್ಕದಲ್ಲೇ ತೆಗೆದ ಟ್ಯೂಬಿನ ಜೊತೆ ಹೋಲಿಸಬೇಡ. ರೋಗಿ ಬೇಗೂರಿನವರಾದರೆ ಆರೋಗ್ಯವಂತರೂ ಆ ಸೀಮೆಯವರೇ ಆಗಲಿ, ಅದೇ ವಯಸ್ಸಿನವರು, ಅದೇ ದಿನ, ಅದೇ ಗಾಡಿಯಲ್ಲಿ ಬಂದ ರಕ್ತ. ವಯಸ್ಸು, ಸೋಂಕು, ಹೊಟ್ಟೆಯ ಹುಳು ಎಲ್ಲವೂ ಟಿ-ರೆಗ್ ಲೆಕ್ಕವನ್ನು ಅಲುಗಿಸಬಲ್ಲವು. ಬೇರೆ ದೇಶದ ಲ್ಯಾಬಿನ ಅಂಕಿ ತಂದು ನಮ್ಮವರಿಗೆ ಅಳತೆ ಹಿಡಿಯುವುದು ಅನ್ಯಾಯ.

ಅರಿಸಿನದ ಹೊಲದಿಂದ ಬಂದು ತೋಳು ಚಾಚಿದ ಅಜ್ಜಿ, ‘ಏನದ ಕೂಸೆ ನನ್ ರಕ್ತದಲ್ಲಿ?’ ಎಂದು ಕೇಳಿಯೇ ಕೇಳುತ್ತಾಳೆ. ಇದು ಕಾಯಿಲೆ ಹೇಳುವ ಪರೀಕ್ಷೆಯಲ್ಲ, ಕಲಿಯಲು ಕೇಳಿ ಪಡೆದ ರಕ್ತ ಎಂದು ಸೂಜಿ ಚುಚ್ಚುವ ಮೊದಲೇ ಅವಳ ಮಾತಿನಲ್ಲೇ ತಿಳಿಸು. ಬೇಡ ಎಂದರೆ ಬಲವಂತ ಮಾಡಬೇಡ. ಕೊಟ್ಟರೆ, ಟ್ಯೂಬಿನ ಮೇಲೆ ಕೋಡ್ ಸಂಖ್ಯೆಯ ಜೊತೆಗೆ ರಕ್ತ ತೆಗೆದ ಗಂಟೆಯನ್ನೂ ಅಲ್ಲೇ ನಿಂತು ಬರೆ.