ಎಂ.ಎಸ್. ಕಾಯಿಲೆ: ತಾನಾಗಿ ವಾಸಿಯಾದ ಲಕ್ಷಣವನ್ನು ಮರೆಯಬಾರದು



ಪ್ರತಿ ವರ್ಷ ಮೇ 30 ವಿಶ್ವ ಎಂ.ಎಸ್. ದಿನ. ಎಂ.ಎಸ್. ಎಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ. ಶಾಲೆಗಳು ತೆರೆಯುವ, ಅರ್ಜಿ ಕೇಳಿಕೊಂಡು ನೀವು ನಮ್ಮಲ್ಲಿಗೆ ಬರುವ ಹೊತ್ತೂ ಅದೇ. ಈ ಸಲದ ಆರೋಗ್ಯ ಪಾಠಕ್ಕೆ ನಾವು ಈ ವಿಷಯ ಆರಿಸಿಕೊಂಡದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣವಿದೆ. ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು 20ರಿಂದ 40 ವರ್ಷದೊಳಗೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಯಾರ ಓದಿಗೆ ನಾವೆಲ್ಲ ಸೇರಿ ಹಣ ಕೂಡಿಸುತ್ತೇವೋ ಆ ವಯಸ್ಸಿನ ಮಕ್ಕಳ ರೋಗ ಇದು.

ನಮ್ಮ ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲೆ ಮಯಲಿನ್ ಎಂಬ ತೆಳು ಹೊದಿಕೆ ಇರುತ್ತದೆ, ಕರೆಂಟು ತಂತಿಯ ಮೇಲೆ ಪ್ಲಾಸ್ಟಿಕ್ ಇರುವಂತೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರೋಗನಿರೋಧಕ ಶಕ್ತಿಯೇ ತಪ್ಪಿ ಈ ಹೊದಿಕೆಯನ್ನು ತಿನ್ನತೊಡಗುತ್ತದೆ. ಆಗ ಮಿದುಳಿನ ಸಂದೇಶ ಕೈಕಾಲಿಗೆ, ಕಣ್ಣಿಗೆ ಸರಿಯಾಗಿ ತಲುಪುವುದಿಲ್ಲ. ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಜನ ಈ ರೋಗದೊಂದಿಗೆ ಬದುಕುತ್ತಿದ್ದಾರೆ. ಭಾರತದಲ್ಲಿ ಇದು ಬಹಳ ಅಪರೂಪ ಎಂದೇ ವೈದ್ಯರು ನಂಬಿದ್ದ ಕಾಲವಿತ್ತು, ಎಂ.ಆರ್.ಐ. ಸ್ಕ್ಯಾನ್ ಬಂದ ಮೇಲೆ ರೋಗಿಗಳು ಗೊತ್ತಾಗತೊಡಗಿದರು.

ಈ ರೋಗದ ಮೋಸ ಇರುವುದು ಅದು ಬಂದು ಹೋಗುವ ರೀತಿಯಲ್ಲಿ. ಪಿ.ಯು.ಸಿ. ಓದುವ ಒಬ್ಬ ಹುಡುಗಿ ಎಂದುಕೊಳ್ಳಿ. ಒಂದು ಕಣ್ಣು ಮಂಜಾಗುತ್ತದೆ, ಕಣ್ಣು ಹೊರಳಿಸಿದರೆ ನೋವು, ಕೆಂಪು ಬಣ್ಣ ಮಾಸಿದಂತೆ ಕಾಣುತ್ತದೆ. ಕನ್ನಡಕದ ಅಂಗಡಿಯಲ್ಲಿ ನಂಬರ್ ಸಿಗುವುದಿಲ್ಲ. ಮನೆಯವರು ನಜರ್ ಆಗಿದೆ ಎಂದು ದುವಾ ಓದಿಸುತ್ತಾರೆ. ಕೆಲವು ವಾರಗಳಲ್ಲಿ ಕಣ್ಣು ತಾನಾಗಿ ಸರಿಹೋಗುತ್ತದೆ, ವಿಷಯ ಅಲ್ಲಿಗೆ ಮುಗಿಯಿತು. ವರ್ಷ ಕಳೆದು ಸೊಂಟದಿಂದ ಕೆಳಗೆ ಜೋಮು. ಅದೂ ಇಳಿಯುತ್ತದೆ. ಮತ್ತೆ ನಡೆಯುವಾಗ ತೂರಾಟ, ಮೂತ್ರ ತಡೆಯಲಾಗದ ಕಷ್ಟ, ಎಷ್ಟು ಮಲಗಿದರೂ ಹೋಗದ ಸುಸ್ತು. ಪ್ರತಿ ಸಲವೂ ಬೇರೆ ವೈದ್ಯರು, ಬೇರೆ ಚೀಟಿ. ಮೂರನ್ನೂ ಒಂದೇ ಕಾಗದದಲ್ಲಿ ಬರೆದು ಒಬ್ಬ ನರರೋಗ ತಜ್ಞರ ಮುಂದೆ ಇಟ್ಟವರು ಯಾರೂ ಇಲ್ಲ. ಅಷ್ಟರಲ್ಲಿ ಓದು ನಿಂತಿರುತ್ತದೆ, ಅಥವಾ ಮದುವೆಯಾಗಿ ಅತ್ತೆಮನೆಯಲ್ಲಿ ಸೋಮಾರಿ ಎಂಬ ಹೆಸರು ಬಂದಿರುತ್ತದೆ.

ಆದ್ದರಿಂದ ನಮ್ಮ ಕಡೆ ಜಾಗೃತಿ ಎಂದರೆ ಮೆರವಣಿಗೆಗಿಂತ ಮೊದಲು ನೆನಪು. ಹೊರದೇಶಗಳಲ್ಲಿ ಈ ರೋಗಕ್ಕೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟುತ್ತಾರೆ. ಕಟ್ಟಲಿ, ತಪ್ಪೇನಿಲ್ಲ. ಆದರೆ ಹುಣಸೂರಿನ ಸಂತೆಯಲ್ಲಿ ಆ ರಿಬ್ಬನ್ ನೋಡಿ ಯಾರಿಗೂ ಏನೂ ತಿಳಿಯದು. ಯುವ ವಯಸ್ಸಿನವರಿಗೆ ಕಣ್ಣು ಮಂಜಾಗಿ, ಜೋಮು ಹಿಡಿದು, ಒಂದು ದಿನಕ್ಕಿಂತ ಹೆಚ್ಚು ಇದ್ದು ಮತ್ತೆ ಸರಿಯಾದರೆ ತಾರೀಖು ಬರೆದಿಡಿ, ಹಳೆಯ ಚೀಟಿಗಳನ್ನು ಒಂದೇ ಚೀಲದಲ್ಲಿಡಿ, ವಾಸಿಯಾಗಿದ್ದರೂ ವೈದ್ಯರಿಗೆ ಹೇಳಿ. ಈ ಒಂದು ಮಾತು ಮೊಹಲ್ಲಾ ಮೊಹಲ್ಲಾಕ್ಕೆ ತಲುಪಿದರೆ ಸಾಕು.

ಇದನ್ನು ತಲುಪಿಸಲು ನಮ್ಮಲ್ಲೇ ದಾರಿಗಳಿವೆ. ಜುಮಾ ನಮಾಝ್ ಮುಗಿದ ಮೇಲಿನ ಪ್ರಕಟಣೆಗೆ ಎರಡು ನಿಮಿಷ ಕೊಡುವಂತೆ ಜಮಾಅತ್ ಸಮಿತಿಗಳನ್ನು ಕೇಳಿಕೊಳ್ಳುತ್ತೇವೆ. ಚಿಕಿತ್ಸೆ ಪಡೆಯಬೇಕೆಂಬುದು ಪ್ರವಾದಿಯವರ (ಸ) ಉಪದೇಶವೇ ಆಗಿದೆ; ದುವಾ ಮತ್ತು ದವಾ ಎರಡೂ ಜೊತೆಗೆ ನಡೆಯಲಿ ಎಂದು ಇಮಾಮರು ಹೇಳಿದರೆ ತಾಯಂದಿರು ಕೇಳುತ್ತಾರೆ. ಹೆಂಗಸರಿಗೆ ಸ್ತ್ರೀಶಕ್ತಿ ಸಂಘಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. ಕಣ್ಣಿನ ಶಿಬಿರ ನಡೆಸುವ ಸ್ವಯಂಸೇವಕರಲ್ಲಿ ವಿಶೇಷ ವಿನಂತಿ: ಶಿಬಿರಗಳಲ್ಲಿ ಪೊರೆ ಬಂದ ಹಿರಿಯರತ್ತಲೇ ಎಲ್ಲರ ಗಮನ. ಒಂದೇ ಕಣ್ಣಿನ ನೋವು, ಮಂಜು ಎಂದು ಬಂದ ಇಪ್ಪತ್ತರ ವಯಸ್ಸಿನವರನ್ನು ಹನಿ ಔಷಧಿ ಕೊಟ್ಟು ಕಳಿಸದೆ ಕಣ್ಣಿನ ವೈದ್ಯರಿಗೆ ತೋರಿಸಿ.

ನಮ್ಮ ವಿದ್ಯಾರ್ಥಿವೇತನದಲ್ಲಿ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಓದುವವರು ಮೇ 30ರ ಆಸುಪಾಸಿನಲ್ಲಿ ತಮ್ಮ ಊರಿನಲ್ಲಿ ಒಂದು ಸಲವಾದರೂ ಈ ಬಗ್ಗೆ ಕನ್ನಡದಲ್ಲೋ ಉರ್ದುವಿನಲ್ಲೋ ಮಾತನಾಡಬೇಕೆಂದು ಕೋರುತ್ತೇವೆ. ಮಾತಿನಲ್ಲಿ ಇವು ತಪ್ಪದೆ ಬರಲಿ: ಈ ರೋಗ ಅಂಟುವುದಿಲ್ಲ. ಇದು ಹುಚ್ಚೂ ಅಲ್ಲ, ಲಕ್ವವೂ ಅಲ್ಲ. ಎಂ.ಎಸ್. ಇರುವ ಹೆಣ್ಣುಮಕ್ಕಳು ತಾಯಿಯಾಗಬಹುದು. ಬಸಿರಿನ ಕೊನೆಯ ತಿಂಗಳುಗಳಲ್ಲಿ ರೋಗ ಮರುಕಳಿಸುವುದು ಕಡಿಮೆಯೇ. ಔಷಧಿಯ ವಿಷಯ ಮಾತ್ರ ಮೊದಲೇ ವೈದ್ಯರೊಂದಿಗೆ ಮಾತಾಡಿಕೊಳ್ಳಬೇಕು. ಮದುವೆ ಮಾತುಕತೆಯಲ್ಲಿ ಮುಚ್ಚಿಟ್ಟರೆ ಔಷಧಿಯನ್ನೂ ಮುಚ್ಚಿಡಬೇಕಾಗುತ್ತದೆ, ಆಗ ಕೆಡುವುದು ಹುಡುಗಿಯ ದೇಹ.

ನಮ್ಮ ಸೀಮೆಗೆ ಸೇರಿದ ಒಂದು ಮಾತು. ಎಂ.ಎಸ್. ಇರುವವರಿಗೆ ಶಾಖ ತಾಗಿದರೆ ಲಕ್ಷಣಗಳು ತಾತ್ಕಾಲಿಕವಾಗಿ ಜೋರಾಗುತ್ತವೆ. ಬಿಸಿನೀರಿನ ಸ್ನಾನವೂ ಸಾಕು, ಜ್ವರವೂ ಸಾಕು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಡೆ ತಂಬಾಕು ಬೇಯಿಸುವ ಬ್ಯಾರನ್‌ಗಳ ಬಳಿ ದುಡಿಯುವವರಲ್ಲಿ ಇಂಥ ಸುಸ್ತು, ಕಣ್ಣು ಮಂಜು ಕಂಡರೆ ಬಿಸಿಲಿನದು ಎಂದು ಬಿಟ್ಟುಬಿಡುವುದು ಸುಲಭ. ನೆರಳಿಗೆ ಬಂದು ತಣ್ಣಗಾದ ಮೇಲೆ ಇಳಿದರೂ ಮತ್ತೆ ಮತ್ತೆ ಅದೇ ಆಗುತ್ತಿದ್ದರೆ ತೋರಿಸಿ. ತಂಬಾಕು ನಮ್ಮ ಎಷ್ಟೋ ಮನೆಗಳ ಅನ್ನ, ಅದನ್ನು ಹಗುರವಾಗಿ ಮಾತಾಡುವುದಿಲ್ಲ; ಆದರೂ ಹೇಳಲೇಬೇಕು, ಬೀಡಿ ಸಿಗರೇಟು ಈ ರೋಗದ ಅಪಾಯವನ್ನೂ ವೇಗವನ್ನೂ ಹೆಚ್ಚಿಸುತ್ತದೆ.

ತಾಲ್ಲೂಕು ಆಸ್ಪತ್ರೆಯಿಂದ ರೆಫರ್ ಚೀಟಿ ಪಡೆದು ಮೈಸೂರಿನಲ್ಲಿ ನರರೋಗ ತಜ್ಞರನ್ನು ಕಾಣಬಹುದು; ಬೆಂಗಳೂರಿನ ನಿಮ್ಹಾನ್ಸ್ ಸರ್ಕಾರಿ ಸಂಸ್ಥೆ. ಬಿ.ಪಿ.ಎಲ್. ಕಾರ್ಡ್ ಮರೆಯಬೇಡಿ. ಎಂ.ಆರ್.ಐ., ಕೆಲವೊಮ್ಮೆ ಬೆನ್ನಿನ ನೀರಿನ ಪರೀಕ್ಷೆ ಬೇಕಾಗುತ್ತದೆ. ಬಿ12 ಕೊರತೆ, ಕ್ಷಯ, ಎನ್.ಎಂ.ಓ. ಎಂಬ ಇನ್ನೊಂದು ನರರೋಗ ಇವೂ ಹೀಗೆಯೇ ಕಾಣಬಹುದು. ಎಂ.ಎಸ್.ನ ಕೆಲವು ಔಷಧಿಗಳು ಎನ್.ಎಂ.ಓ. ಇರುವವರಿಗೆ ಕೆಡುಕು ಮಾಡುತ್ತವೆ, ಹಾಗಾಗಿ ಅಂದಾಜಿನ ಔಷಧಿ ಬೇಡ. ಸ್ಟೀರಾಯ್ಡ್ ಡ್ರಿಪ್‌ನಿಂದ ಆ ಸಲದ ತೊಂದರೆ ಬೇಗ ಇಳಿಯುತ್ತದೆ. ಮತ್ತೆ ಬಾರದಂತೆ ತಡೆಯಲು ವರ್ಷಗಟ್ಟಲೆ ತೆಗೆದುಕೊಳ್ಳುವ ಔಷಧಿಗಳು ಬೇರೆ ಇವೆ. ರೋಗ ಪೂರ್ತಿ ಗುಣವಾಗದಿದ್ದರೂ ಬೇಗ ಶುರುಮಾಡಿದಷ್ಟೂ ನರಗಳಿಗಾಗುವ ಹಾನಿ ಕಡಿಮೆ. ರಮಝಾನಿನಲ್ಲಿ ಉಪವಾಸ ಹಿಡಿಯಬಹುದೇ ಎಂದು ವೈದ್ಯರನ್ನು ಕೇಳಿ. ರೋಗಿಗೆ ಕುರ್‌ಆನ್ ಕೊಟ್ಟ ರಿಯಾಯಿತಿಯನ್ನು ಬಳಸಿಕೊಳ್ಳಲು ಸಂಕೋಚ ಬೇಡ.

ದಾನಿಗಳಲ್ಲಿ ನಮ್ಮ ಕೋರಿಕೆ ಇಲ್ಲೇ ಇದೆ. ಒಂದು ಸ್ಕ್ಯಾನಿಗೆ ಕೊಡುವವರು ಸಿಗುತ್ತಾರೆ. ತಿಂಗಳು ತಿಂಗಳೂ ಬರುವ ಔಷಧಿ, ಫಿಸಿಯೋಥೆರಪಿ, ಜೊತೆಗೊಬ್ಬರ ಬಸ್ ಚಾರ್ಜು ಇವಕ್ಕೆ ಕೊಡುವವರು ಕಡಿಮೆ, ಚಿಕಿತ್ಸೆ ನಿಲ್ಲುವುದೂ ಅಲ್ಲಿಯೇ. ಬಡ ರೋಗಿ ಝಕಾತಿಗೆ ಅರ್ಹರು. ದೊಡ್ಡ ಮೊತ್ತ ಒಮ್ಮೆ ಕೊಡುವುದಕ್ಕಿಂತ ಸಣ್ಣ ಮೊತ್ತ ತಪ್ಪದೆ ಕೊಡುವ ಮಾತು ಕೊಟ್ಟರೆ ನಮಗೆ ಹೆಚ್ಚು ಉಪಯೋಗ. 1985ರಲ್ಲಿ ಸ್ಥಾಪನೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲಿ ಶಾಖೆ ಇದೆ. ರೋಗಿಗಳು ಅಲ್ಲಿ ಹೆಸರು ನೋಂದಾಯಿಸಿದರೆ ಇದೇ ಕಷ್ಟದ ಇತರರ ಪರಿಚಯವಾಗುತ್ತದೆ.

ಕುಟುಂಬಗಳಿಗೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿಸಿಯೇ ಸೇರಿದೆ. ಹಿಂದಿನ 1995ರ ಕಾಯ್ದೆಯಲ್ಲಿ ಅದು ಇರಲಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಯು.ಡಿ.ಐ.ಡಿ. ಕಾರ್ಡ್ ಮಾಡಿಸಿ. ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣವಾದರೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟುಗಳ ಮೀಸಲಾತಿ ಅನ್ವಯಿಸುತ್ತದೆ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತ್ಯೇಕ ವೇತನಕ್ಕೂ ಅರ್ಜಿ ಹಾಕಬಹುದು. ತಾಲ್ಲೂಕು ಪಂಚಾಯತಿಯ ಎಂ.ಆರ್.ಡಬ್ಲ್ಯು., ಗ್ರಾಮ ಪಂಚಾಯತಿಯ ವಿ.ಆರ್.ಡಬ್ಲ್ಯು. ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ.

ನಮ್ಮ ಅರ್ಜಿಯಲ್ಲಿ "ದೀರ್ಘಕಾಲದ ಕಾಯಿಲೆ" ಎಂಬ ಕಾಲಂ ಇದೆ. ಅದನ್ನು ಖಾಲಿ ಬಿಡಬೇಡಿ. ಅಲ್ಲಿ ಬರೆದದ್ದು ಆಯ್ಕೆಗೆ ಅಡ್ಡಿಯಾಗುವುದಿಲ್ಲ, ಹೊರಗೆ ಹೋಗುವುದೂ ಇಲ್ಲ. ಕಾಯಿಲೆಯಿಂದ ಹಾಜರಾತಿ ಕಡಿಮೆಯಾದ ಅಥವಾ ಒಂದು ವರ್ಷ ಓದು ತಪ್ಪಿದ ವಿದ್ಯಾರ್ಥಿಗಳು ವೈದ್ಯರ ಚೀಟಿಯ ನಕಲು ಲಗತ್ತಿಸಿ ನವೀಕರಣ ಕೋರಬಹುದು.