ದಡಾರದ ಲಸಿಕೆ: ಸೊಮಾಲಿ ನೆರೆಯವರ ಅನುಭವ, ನಮ್ಮ ತಾಯಿ ಕಾರ್ಡು

ಮಿನ್ನೆಸೋಟಕ್ಕೆ ಹೊಸದಾಗಿ ಬಂದವರು ಮಕ್ಕಳನ್ನು ಶಾಲೆಗೆ ಸೇರಿಸುವಾಗ ತಪ್ಪದೆ ಕೇಳುವ ಮಾತೊಂದಿದೆ: "ಊರಲ್ಲೇ ಎಲ್ಲಾ ಇಂಜೆಕ್ಷನ್ ಹಾಕಿಸಿದ್ದೀವಿ, ಇಲ್ಲಿ ಮತ್ತೆ ಯಾಕಂತೆ?" ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಇದನ್ನು ಕೇಳಿದರೆ ಯಾರೋ ಒಬ್ಬರು ಹೆದರಿಸುವ ವಿಡಿಯೊ ಹಾಕುತ್ತಾರೆ, ಇನ್ನಿಬ್ಬರು ಅವರನ್ನು ಗೇಲಿ ಮಾಡುತ್ತಾರೆ. ಕೇಳಿದ ತಾಯಿ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾದವರ ಅನುಮಾನ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಇದೇ ಮಿನಿಯಾಪೊಲಿಸ್‌ನಲ್ಲಿ ಒಂದು ಉದಾಹರಣೆ ಇದೆ.

ಇಲ್ಲಿ ಹುಟ್ಟಿದ ಸೊಮಾಲಿ ಮೂಲದ ಮಕ್ಕಳಲ್ಲಿ ಎರಡು ವರ್ಷ ತುಂಬುವ ಹೊತ್ತಿಗೆ ದಡಾರ ತಡೆಯುವ ಎಂಎಂಆರ್ ಲಸಿಕೆ ಆಗಿರುತ್ತಿದ್ದವರು 2004ರಲ್ಲಿ ಶೇ. 92 ಇದ್ದರು, 2014ಕ್ಕೆ ಶೇ. 42ಕ್ಕೆ ಇಳಿದರು. ಅವರೇನೂ ಮೊದಲಿನಿಂದ ಲಸಿಕೆಯ ವಿರೋಧಿಗಳಾಗಿರಲಿಲ್ಲ. 2008ರ ಸುಮಾರಿಗೆ ತಮ್ಮ ಮಕ್ಕಳಲ್ಲೇ ಆಟಿಸಂ ಹೆಚ್ಚು ಎಂಬ ಆತಂಕ ಹುಟ್ಟಿತು. ಕಾರಣ ಕೇಳಿದರೆ ಡಾಕ್ಟರುಗಳ ಬಳಿ ನೇರ ಉತ್ತರವಿರಲಿಲ್ಲ. ಉತ್ತರ ಹೊತ್ತು ಬಂದವನು ಆಂಡ್ರ್ಯೂ ವೇಕ್‌ಫೀಲ್ಡ್. 1998ರಲ್ಲಿ ಬರೀ ಹನ್ನೆರಡು ಮಕ್ಕಳನ್ನಿಟ್ಟುಕೊಂಡು ಎಂಎಂಆರ್‌ಗೂ ಆಟಿಸಂಗೂ ನಂಟು ಕಟ್ಟಿದ ಬ್ರಿಟಿಷ್ ವೈದ್ಯ. ಆ ಪ್ರಬಂಧವನ್ನು 'ಲ್ಯಾನ್ಸೆಟ್' 2010ರಲ್ಲಿ ಹಿಂತೆಗೆದುಕೊಂಡಿತು, ಅದೇ ವರ್ಷ ಅವನ ವೈದ್ಯ ನೋಂದಣಿಯೂ ರದ್ದಾಯಿತು. ಆದರೂ ಅವನು ಇಲ್ಲಿಗೆ ಬಂದು ಈ ತಂದೆತಾಯಿಗಳ ಎದುರು ಕೂತ, ಅವರ ಮಾತು ಕೇಳಿಸಿಕೊಂಡ. ನನ್ನ ಮಟ್ಟಿಗೆ ಅವನ ಶಕ್ತಿ ಇದ್ದದ್ದು ಅಲ್ಲಿಯೇ. 2013ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಅಧ್ಯಯನ ಬಂದಾಗ, ಆಟಿಸಂ ಗುರುತಾದವರು ಸೊಮಾಲಿ ಮಕ್ಕಳಲ್ಲಿ 32ಕ್ಕೆ ಒಬ್ಬರು, ಬಿಳಿಯರ ಮಕ್ಕಳಲ್ಲಿ 36ಕ್ಕೆ ಒಬ್ಬರು, ಹೆಚ್ಚುಕಡಿಮೆ ಒಂದೇ ಎಂದು ತಿಳಿಯಿತು. ಅಷ್ಟು ಹೊತ್ತಿಗೆ ಭಯ ಮನೆಮನೆಯ ಮಾತಾಗಿತ್ತು. 2017ರಲ್ಲಿ ದಡಾರ ಹರಡಿ 75 ಜನಕ್ಕೆ ತಗುಲಿತು. ಬಹುಪಾಲು ಲಸಿಕೆಯಾಗದ ಸೊಮಾಲಿ ಮಕ್ಕಳು.

ಅದೇ 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಕೆಲವು ಕಡೆ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ವಾಟ್ಸಾಪ್‌ನಲ್ಲಿ ಎಂಥೆಂಥ ವದಂತಿ ಓಡಾಡಿದವು, ನೆನಪಿರಬಹುದು. ಓದಿದವರ ಮನೆಗಳಲ್ಲೂ.

ಮನಸ್ಸಿನ ಲೆಕ್ಕ ಬೇರೆಯೇ. ಚುಚ್ಚಿಸಿ ಏನಾದರೂ ಆದರೆ ಕೈಯಾರೆ ಮಾಡಿದೆನಲ್ಲ ಎಂಬ ಕೊರಗು. ಚುಚ್ಚಿಸದೆ ಕಾಯಿಲೆ ಬಂದರೆ ಹಣೆಬರಹ ಅನ್ನುತ್ತೇವೆ. ಜೊತೆಗೆ ಆಟಿಸಂನ ಲಕ್ಷಣಗಳು ಕಣ್ಣಿಗೆ ಬೀಳುವ ವಯಸ್ಸೂ ಎಂಎಂಆರ್ ಹಾಕಿಸುವ ವಯಸ್ಸೂ ಹತ್ತಿರಹತ್ತಿರ. ಹಿಂದೆ ಬಂದದ್ದು ಮುಂದಿನದಕ್ಕೆ ಕಾರಣ ಎನಿಸುವುದು ಸಹಜ. ಅತ್ತಿಗೆಯೋ ಪಕ್ಕದ ಮನೆಯವರೋ ಹೇಳಿದ ಒಂದು ಕತೆಯ ಮುಂದೆ ಲಕ್ಷ ಮಕ್ಕಳ ಅಂಕಿಅಂಶ ನಿಲ್ಲುವುದಿಲ್ಲ. ಆದ್ದರಿಂದ ಗುಂಪಿನಲ್ಲಿ ಯಾರಾದರೂ ಅನುಮಾನ ಹೇಳಿಕೊಂಡರೆ ಲಿಂಕ್ ಎಸೆಯಬೇಡಿ, ಫೋನ್ ಮಾಡಿ ಮಾತಾಡಿ. ಅನುಮಾನ ನಿಮ್ಮದೇ ಆದರೆ ಚೀಟಿಯಲ್ಲಿ ಬರೆದುಕೊಂಡು ಮಕ್ಕಳ ಡಾಕ್ಟರ ಮುಂದಿಡಿ. ಕನ್ನಡ ದುಭಾಷಿ ಬೇಕಿದ್ದರೆ ಅಪಾಯಿಂಟ್‌ಮೆಂಟ್ ಮಾಡಿಸುವಾಗಲೇ ಕೇಳಿ.

ಇನ್ನು "ಮತ್ತೆ ಯಾಕೆ" ಎಂಬುದಕ್ಕೆ ಉತ್ತರ. ಊರಿನ ಸರ್ಕಾರಿ ಪಟ್ಟಿಯಲ್ಲಿರುವುದು ಎಂಆರ್, ಅಂದರೆ ದಡಾರ ಮತ್ತು ರುಬೆಲ್ಲಾ. ಇಲ್ಲಿ ಕೇಳುವ ಎಂಎಂಆರ್‌ನಲ್ಲಿ ಮಂಗನಬಾವೂ ಸೇರಿದೆ. ಒಂಬತ್ತು ತಿಂಗಳಿಗೆ ಹಾಕಿಸಿದ್ದು ಇಲ್ಲಿ ಲೆಕ್ಕಕ್ಕಿಲ್ಲ, ಒಂದು ವರ್ಷ ತುಂಬಿದ ಮೇಲಿನದು ಮಾತ್ರ. ಚಿಕನ್‌ಪಾಕ್ಸ್ ಲಸಿಕೆಯೂ ಸರ್ಕಾರಿ ಪಟ್ಟಿಯಲ್ಲಿಲ್ಲ. ಕ್ಷಯದ ಪರೀಕ್ಷೆ ಹೇಳಿದರೆ ಹುಟ್ಟಿದಾಗ ಬಿಸಿಜಿ ಆಗಿರುವುದನ್ನು ತಿಳಿಸಿ. ಚರ್ಮದ ಪರೀಕ್ಷೆ ಅದರಿಂದಲೇ ಪಾಸಿಟಿವ್ ತೋರಿಸಬಹುದು, ರಕ್ತಪರೀಕ್ಷೆಗೆ ಆ ತೊಡಕಿಲ್ಲ. ಆರು ತಿಂಗಳು ದಾಟಿದ ಕೂಸನ್ನು ಊರಿಗೆ ಕರೆದೊಯ್ಯುವವರು ಹೊರಡುವ ಮೊದಲೇ ಒಂದು ಎಂಎಂಆರ್ ಬಗ್ಗೆ ವಿಚಾರಿಸಿ.

ಊರಲ್ಲಿ ಹಾಕಿಸಿದ ಲಸಿಕೆಗಳನ್ನು ಬರೆದಿರುವ ತಾಯಿ ಕಾರ್ಡಿನ ಮೂಲಪ್ರತಿ ಕೈಚೀಲದಲ್ಲೇ ಇರಲಿ. ಶಾಲೆಗೆ ಕೊಡುವ ಪ್ರತಿಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ: ನಮ್ಮ 5/9 ಸೆಪ್ಟೆಂಬರ್ ಐದು, ಇಲ್ಲಿನವರಿಗೆ ಅದು ಮೇ ಒಂಬತ್ತು. ಹಾಗೆ ಓದಿಕೊಂಡರೆ ಸರಿಯಾದ ವಯಸ್ಸಿಗೆ ಹಾಕಿಸಿದ ಲಸಿಕೆಯೂ ತೀರಾ ಬೇಗ ಆಯಿತೆಂದು ಬಿಟ್ಟುಹೋಗಬಹುದು.