ಆಟ ಒಂದು, ಬೆಲೆ ಎರಡು

ವಿಡಿಯೋ ಗೇಮ್ ಕೊಳ್ಳುವಾಗ ನಾವೆಲ್ಲ ನೋಡುವುದು ಡಬ್ಬಿಯ ಮೇಲಿನ ಬೆಲೆಯನ್ನು. ಅಮೆರಿಕದಲ್ಲಿ ಬಹುಕಾಲ 60 ಡಾಲರ್ ಇದ್ದ ದೊಡ್ಡ ಆಟಗಳು 2020ರಿಂದೀಚೆಗೆ 70 ಆದವು. 2025ರಲ್ಲಿ ಬಂದ 'ಮಾರಿಯೋ ಕಾರ್ಟ್ ವರ್ಲ್ಡ್'ಗೆ 80! ಆದರೆ ನಿಜವಾದ ಖರ್ಚು ತಿಳಿಯಲು ಇನ್ನೊಂದು ಲೆಕ್ಕ ಬೇಕು.

70 ಡಾಲರ್ ಕೊಟ್ಟು ತಂದ ಡಿಸ್ಕನ್ನು ಆಡಿ ಮುಗಿಸಿ 40ಕ್ಕೆ ಮಾರಿದೆವೆನ್ನಿ. ಖರ್ಚು 30. ಅದೇ ಆಟವನ್ನು ಸೇಲ್‌ನಲ್ಲಿ 50ಕ್ಕೆ ಡೌನ್‌ಲೋಡ್ ಮಾಡಿಕೊಂಡರೆ ಖರ್ಚು ಪೂರ್ತಿ 50. ಏಕೆಂದರೆ ಅದನ್ನು ಮಾರುವಂತಿಲ್ಲ. ನಮಗೆ ಸಿಕ್ಕಿದ್ದು ಆಡುವ ಪರವಾನಗಿ ಮಾತ್ರ. ಈ ಮಾತನ್ನು ಕೊಳ್ಳುವವರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಕಾನೂನೇ ಇದೆ.

ಆದ್ದರಿಂದ ಆಟದ ಯಂತ್ರ ಕೊಳ್ಳುವಾಗಲೇ ಎಚ್ಚರ ಬೇಕು. 2020ರಲ್ಲಿ ಬಂದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಗ್ಗ, ನಿಜ. ಆದರೆ ಅದರಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಹಳೆಯ ಡಿಸ್ಕ್ ಕೊಳ್ಳುವ, ಸ್ನೇಹಿತರಿಂದ ಎರವಲು ತರುವ ದಾರಿಗಳೆರಡೂ ಮುಚ್ಚಿದವು. ಇಲ್ಲಿನ ಅನೇಕ ಸಾರ್ವಜನಿಕ ಗ್ರಂಥಾಲಯಗಳು ಪುಸ್ತಕಗಳಂತೆಯೇ ಆಟದ ಡಿಸ್ಕುಗಳನ್ನೂ ಪುಕ್ಕಟೆ ಎರವಲು ಕೊಡುತ್ತವೆ. (ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿಲ್ಲ; ಮಕ್ಕಳಿಗೆ ಗೊತ್ತಿದ್ದರೂ ಹೇಳುವುದಿಲ್ಲ!) ಆ ಅನುಕೂಲವೂ ತಪ್ಪುತ್ತದೆ.

ಹಾಗೆಂದು ಡೌನ್‌ಲೋಡ್ ಬೇಡವೇ ಬೇಡ ಎಂದಲ್ಲ. 'ಮೈನ್‌ಕ್ರಾಫ್ಟ್'ನಂತೆ ವರ್ಷಗಟ್ಟಲೆ ಆಡುವ ಆಟವನ್ನು ಯಾರೂ ಮಾರಹೋಗುವುದಿಲ್ಲ.

ಮಕ್ಕಳೇ, ನಿಮಗೊಂದು ಲೆಕ್ಕ. ಮೂರು ಮನೆಯವರು 70 ಡಾಲರಿನ ಒಂದೊಂದು ಬೇರೆ ಬೇರೆ ಡಿಸ್ಕ್ ಕೊಂಡು, ಮೂರನ್ನೂ ಸರದಿಯಂತೆ ಆಡಿ, ಕೊನೆಗೆ ತಮ್ಮ ತಮ್ಮ ಡಿಸ್ಕನ್ನು 25 ಡಾಲರಿಗೆ ಮಾರಿದರು. ಒಂದು ಮನೆಗೆ ಒಂದು ಆಟಕ್ಕೆ ಬಿದ್ದ ಖರ್ಚೆಷ್ಟು?

(ಉತ್ತರ: 15 ಡಾಲರ್)